ಒಂಬತ್ತನೇ ಪುಟದ ಅವ್ವ

ಮಹಾನಂದಾ ತನ್ನ ಮಗಳ ಕೈಗಳನ್ನು ಹನ್ನೊಂದು ದಿನ ಕಟ್ಟಿಟ್ಟಿದ್ದಳು. ಅದು ಎರಡು ಸಾವಿರದ ಹತ್ತನೇ ಇಸವಿಯ ಜೂನ್ ತಿಂಗಳು. ಮಗಳು ನೀಲಾಂಬಿಕಾಗೆ ಆಗ ಆರು ವರ್ಷ. ಕಟ್ಟಲು ಬಳಸಿದ್ದು ತನ್ನದೇ ಹಳೆಯ ಲಂಗದ ಲಾಡಿ. ಗಾಯವಾಗಬಾರದೆಂದು ಮೊದಲು ಮಣಿಕಟ್ಟಿಗೆ ಮೆತ್ತನೆಯ ಬಟ್ಟೆ ಸುತ್ತಿ, ಅದರ ಮೇಲೆ ಗಂಟು ಹಾಕುತ್ತಿದ್ದಳು.

ನೀಲಾಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಗಂಡ ಹೆಂಡತಿ ಯಲಬುರ್ಗಾ ಕಡೆಯವರು. ದುಡಿಯಲು ಬಂದವರು ಹೆಬ್ಬಗೋಡಿಯಲ್ಲಿ, ಸಾಲಾಗಿ ಹನ್ನೆರಡು ರೂಮುಗಳಿದ್ದ ಒಂದು ವಠಾರದಲ್ಲಿ ಬಾಡಿಗೆಗಿದ್ದರು. ಗಂಡ ಯಮನೂರನದು ಕಂಬಿ ಕಟ್ಟುವ ಕೆಲಸ. ವೈಟ್‌ಫೀಲ್ಡ್ ಕಡೆ ಎದ್ದು ನಿಲ್ಲುತ್ತಿದ್ದ ಕಟ್ಟಡಗಳ ಶೆಡ್ಡಿನಲ್ಲೇ ಇದ್ದು, ಹದಿನೈದು ದಿನಕ್ಕೊಮ್ಮೆ ಭಾನುವಾರ ಮನೆಗೆ ಬರುತ್ತಿದ್ದ. ಮಹಾನಂದಾ ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು.

ಶಾಲೆಗೆ ಸೇರುವ ಮೊದಲು ನೀಲಾಗೆ ಅವಳದೇ ಒಂದು ಮಾತಿತ್ತು. ಮೀಸೆ ತಿರುವಿದರೆ ಅಪ್ಪ. ಮೂಗಿನ ಪಕ್ಕ ಬೆರಳಿಟ್ಟರೆ ಮೂಗುಬಟ್ಟಿನ ಅವ್ವ. ಎರಡು ಅಂಗೈ ತಟ್ಟಿದರೆ ರೊಟ್ಟಿ. ಮೊಣಕೈಗಳನ್ನು ರೆಕ್ಕೆಯಂತೆ ಬಡಿದರೆ ಎದುರು ಮನೆಯ ಕೋಳಿ. ಹೀಗೆ ಮೂವತ್ತು ನಲವತ್ತು ಸನ್ನೆಗಳು. ಅವಳಿಗೆ ಅಷ್ಟರಲ್ಲಿ ಇಡೀ ವಠಾರದ ಸುದ್ದಿ ಹೇಳಲು ಬರುತ್ತಿತ್ತು.

ಶಾಲೆ ಹೊಸೂರು ರಸ್ತೆಯಿಂದ ಸ್ವಲ್ಪ ಒಳಗಿತ್ತು. ಕಿವುಡ ಮಕ್ಕಳಿಗೆಂದೇ ಒಂದು ಟ್ರಸ್ಟ್ ನಡೆಸುತ್ತಿದ್ದ ಶಾಲೆ. ಮೊದಲ ವರ್ಷ ತಾಯಿಯೂ ತರಗತಿಯಲ್ಲಿ ಕೂರಬೇಕೆಂಬ ನಿಯಮವಿದ್ದುದರಿಂದ ಮಹಾನಂದಾ ಕೆಲಸ ಬಿಟ್ಟಳು. ಮುಖ್ಯೋಪಾಧ್ಯಾಯಿನಿ ಅನುಸೂಯಮ್ಮ ಐವತ್ತು ದಾಟಿದವರು, ಇಪ್ಪತ್ತೈದು ವರ್ಷ ಕಿವುಡ ಮಕ್ಕಳ ಬಾಯಿಂದ ಮಾತು ಹೊರಡಿಸಿದವರು ಎಂದು ಹೆಸರಾದವರು. ಅವರ ತರಗತಿಯಲ್ಲಿ ಎಂಟು ಮಕ್ಕಳು ತಮ್ಮ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದರು. ತುಟಿಯ ಮುಂದೆ ಕಾಗದದ ಪಟ್ಟಿ ಹಿಡಿದು 'ಪ' ಎನ್ನಬೇಕು. ಪಟ್ಟಿ ಅಲುಗಾಡಿದರೆ ಸರಿ, ಅಲುಗದಿದ್ದರೆ ಇನ್ನೊಮ್ಮೆ.

"ನೋಡಮ್ಮ, ಕೈ ಮಾತಾಡ್ತಾ ಇದ್ರೆ ನಾಲಿಗೆ ಸೋಮಾರಿ ಆಗತ್ತೆ," ಎಂದರು ಅನುಸೂಯಮ್ಮ ಮೊದಲ ದಿನವೇ. "ಮನೇಲಿ ಸನ್ನೆ ಮಾಡಿ ಕೇಳಿದ್ದನ್ನ ಕೊಡ್ಬೇಡ. ಬಾಯಿ ಬಿಟ್ಟು ಕೇಳೋವರ್ಗೂ ಏನೂ ಕೊಡ್ಬೇಡ."

"ನೀರೂ ಕೊಡಬಾರದೇನ್ರೀ?"

"ನೀರೇ ಮೊದಲು. ಬಾಯಾರಿಕೆ ಆದ್ರೆ ಮಕ್ಕಳು ಬೇಗ ಕಲೀತಾರೆ."

ಹತ್ತು ದಿನ ಕಳೆದವು. ನೀಲಾ ತರಗತಿಯಲ್ಲಿ ಆಗಾಗ ಕೈ ಹೊರಗೆ ತೆಗೆದು ಪಕ್ಕದವಳಿಗೆ ಕೋಳಿಯ ಕಥೆ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಅನುಸೂಯಮ್ಮ ಉಳಿದ ತಾಯಂದಿರ ಎದುರಿಗೇ ಮಹಾನಂದಾಳನ್ನು ನಿಲ್ಲಿಸಿಕೊಂಡರು.

"ಮನೇಲಿ ಕೈ ಬಿಡ್ತಿದೀಯ ನೀನು. ನಂಗೆ ಗೊತ್ತಾಗತ್ತೆ. ಬೇರೆ ಮಕ್ಕಳನ್ನೂ ಕೆಡಿಸ್ತಾಳೆ ಇವಳು. ಬೇಕಾದ್ರೆ ಕಟ್ಟಿಹಾಕು. ಒಂದು ವಾರ ಅಳ್ತಾಳೆ, ಆಮೇಲೆ ಜೀವಮಾನ ಪೂರ್ತಿ ಮಾತಾಡ್ತಾಳೆ. ಯಾವುದು ಬೇಕು ನೋಡ್ಕೊ."

ಅನುಸೂಯಮ್ಮ ಅದನ್ನು ಹೇಳಿ ಮರೆತರು. ಮಹಾನಂದಾ ಮರೆಯಲಿಲ್ಲ. ಓದಿದವರು ಹೇಳಿದ ಔಷಧಿಯನ್ನು ಒಂದು ಹನಿ ಬಿಡದೆ ಕುಡಿಸುವ ಜಾತಿಯ ಹೆಂಗಸು ಅವಳು. ಅಂದು ಮಧ್ಯಾಹ್ನ ಶಾಲೆಯಿಂದ ಬಂದವಳೇ ಲಾಡಿ ತೆಗೆದಳು.

ಮೊದಲೆರಡು ದಿನ ನೀಲಾ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ಮೂರನೇ ದಿನ ಅಳು ನಿಂತಿತು. ಮಹಾನಂದಾ ಅವಳ ಮುಂದೆ ನೀರಿನ ಲೋಟ ಹಿಡಿದು "ನೀ... ರು..." ಎಂದು ತುಟಿ ಅಗಲಿಸುತ್ತಿದ್ದಳು. ಮಗು ಲೋಟವನ್ನು ನೋಡುತ್ತಿತ್ತೇ ಹೊರತು ತುಟಿಯನ್ನಲ್ಲ. ಐದನೇ ದಿನ ಅವಳು ಕಾಲ ಹೆಬ್ಬೆರಳನ್ನು ಮೇಲೆತ್ತಿ ಅಲ್ಲಾಡಿಸಿ ನೀರು ಕೇಳಿದಳು. ಮಹಾನಂದಾಗೆ ಅರ್ಥವಾಯಿತು. ಅರ್ಥವಾಗದವಳಂತೆ ಬೇರೆ ಕಡೆ ನೋಡಿದಳು. ಸಂಜೆಯವರೆಗೂ ಹಾಗೇ ಕೂತು, ಕೊನೆಗೆ ಮಗುವಿನ ಗಂಟಲಿಂದ 'ಈ' ಎಂಬಂತಹ ಒಂದು ಸದ್ದು ಬಂದಾಗ ಲೋಟವನ್ನು ಬಾಯಿಗಿಟ್ಟಳು. ಮಗು ಗಟಗಟನೆ ಕುಡಿದು, ಅದನ್ನೆಲ್ಲ ಅವಳ ಸೀರೆಯ ಮೇಲೆ ವಾಂತಿ ಮಾಡಿಕೊಂಡಿತು.

ಹನ್ನೊಂದನೇ ದಿನ ನೀಲಾ ಬಚ್ಚಲಿಗೆ ಹೋಗಲೆಂದು ಎದ್ದು ಓಡಿದಳು. ಹೊಸ್ತಿಲು ಎಡವಿತು. ಊರಿಕೊಳ್ಳಲು ಕೈಗಳಿರಲಿಲ್ಲ. ಗದ್ದ ಸಿಮೆಂಟಿನ ಮೆಟ್ಟಿಲಿಗೆ ಬಡಿದು ಸೀಳಿತು. ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಬಿದ್ದವು. ಆ ಭಾನುವಾರ ಬಂದ ಯಮನೂರನಿಗೆ ಮಹಾನಂದಾ, "ಬಚ್ಚಲದಾಗ ಜಾರಿ ಬಿದ್ದಾಳ್ರೀ," ಎಂದಳು. ಅವನು ಮಗಳ ಗದ್ದ ಮುಟ್ಟಿ ನೋಡಿ, ಬಚ್ಚಲಿನ ಪಾಚಿಯನ್ನು ಕಂಬಿಯ ಬ್ರಷ್ಷಿನಿಂದ ತಾನೇ ಉಜ್ಜಿ ತೆಗೆದು ಹೋದ.

ಲಾಡಿ ಒಲೆ ಸೇರಿತು. ಆದರೆ ಇನ್ನು ಕಟ್ಟುವ ಅಗತ್ಯವೂ ಇರಲಿಲ್ಲ. ನೀಲಾ ಎಲ್ಲಿ ಕೂತರೂ ಕೈಗಳನ್ನು ತಾನೇ ತೊಡೆಯ ಕೆಳಗೆ ತೂರಿಸುತ್ತಿದ್ದಳು. ವರ್ಷದ ಕೊನೆಗೆ ಅವಳಿಗೆ ಮೂರು ಪದ ಬಂದವು: ಅಮ್ಮ, ಪಾಪ, ಬಾ. ಯಾರಿಗೂ ಅವು ತಿಳಿಯುತ್ತಿರಲಿಲ್ಲ. 'ಅವ್ವ' ತುಟಿಯ ಮೇಲೆ ಸರಿಯಾಗಿ ಕಾಣುವುದಿಲ್ಲವೆಂದು ಶಾಲೆಯಲ್ಲಿ 'ಅಮ್ಮ' ಕಲಿಸಿದ್ದರು. ಆ ಮನೆಯಲ್ಲಿ ಯಾರೂ ಯಾರನ್ನೂ ಅಮ್ಮ ಎಂದು ಕರೆದಿರಲಿಲ್ಲ. ಅನುಸೂಯಮ್ಮ ಮಾತ್ರ ಮಹಾನಂದಾಳ ಬೆನ್ನು ತಟ್ಟಿ, "ನೋಡಿದ್ಯಾ?" ಎಂದರು.

ಮರು ವರ್ಷ ಶಾಲೆಗೆ ಸ್ಪೂರ್ತಿ ಬಂದಳು. ದಾವಣಗೆರೆಯವಳು, ಮದುವೆಯಾಗಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಇದ್ದವಳು. ಕಂಪನಿಯ ಕೆಲಸ ಬಿಟ್ಟು ಮಕ್ಕಳಿಗಾಗಿ ಎರಡು ಚಿತ್ರಪುಸ್ತಕ ಬರೆದಿದ್ದಳು. ಈಗ ಒಂದು ದೊಡ್ಡ ಕಂಪನಿಯ ಫೌಂಡೇಶನ್ನು ಕಿವುಡ ಮಗುವಿನ ಬಗ್ಗೆ ಪುಸ್ತಕ ಬರೆದುಕೊಡಲು ಕೇಳಿತ್ತು. ಅವಳು ಸುಮ್ಮನೆ ಬರೆಯುವವಳಲ್ಲ. ಆರು ತಿಂಗಳು ಒಬ್ಬ ಕಿವುಡ ಮೇಷ್ಟರ ಬಳಿ ಸನ್ನೆ ಭಾಷೆ ಕಲಿತೇ ಬಂದಿದ್ದಳು. ಮೂಲೆಯಲ್ಲಿ ಕೈ ಮುಚ್ಚಿಕೊಂಡು ಕೂತ ನೀಲಾ ಅವಳ ಕಣ್ಣಿಗೆ ಬಿದ್ದಳು. ಆ ಶನಿವಾರವೇ ಹೆಬ್ಬಗೋಡಿಯ ರೂಮಿಗೆ ಬಂದು ಚಾಪೆಯ ಮೇಲೆ ಕೂತಳು.

"ಸನ್ನೆ ಮಾಡಿದ್ರೆ ಮಾತು ಬರಲ್ಲ ಅನ್ನೋದು ಸುಳ್ಳು, ಮಹಾನಂದಾ. ಮಗೂಗೆ ಮೊದಲು ಒಂದು ಭಾಷೆ ಬೇಕು. ಕೈಯಲ್ಲಾದ್ರೂ ಸರಿ, ಬಾಯಲ್ಲಾದ್ರೂ ಸರಿ."

"ಟೀಚರ್ ಬ್ಯಾರೇನ ಹೇಳ್ಯಾರಲ್ರೀ ಅಕ್ಕಾರ."

"ಟೀಚರ್‌ಗೂ ಯಾರೋ ಹಂಗೇ ಹೇಳಿಕೊಟ್ಟಿರ್ತಾರೆ. ನೀವು ನೋಡ್ತಾ ಇರಿ."

ಎರಡು ಶನಿವಾರ ನೀಲಾಳ ಕೈ ಮೇಲೇಳಲಿಲ್ಲ. ಮೂರನೆಯ ಶನಿವಾರ ಸ್ಪೂರ್ತಿ ಕಾಗದದ ಮೇಲೆ ಒಂದು ಕೋಳಿ ಬರೆದಳು. ನೀಲಾ ಕೋಳಿಯನ್ನು ನೋಡಿದಳು, ಅವ್ವನ ಮುಖ ನೋಡಿದಳು, ಕಣ್ಣು ಕೆಳಗೆ ಹಾಕಿದಳು. ಮಹಾನಂದಾಗೆ ತಡೆಯಲಾಗಲಿಲ್ಲ. ತಾನೇ ಎರಡು ಮೊಣಕೈ ಎತ್ತಿ ಪಟಪಟನೆ ಬಡಿದಳು. ನೀಲಾ ಬಿಟ್ಟ ಬಾಯಿ ಬಿಟ್ಟುಕೊಂಡೇ ನೋಡಿ, ಆಮೇಲೆ ಜೋರಾಗಿ ನಕ್ಕು, ತೊಡೆಯ ಕೆಳಗಿನಿಂದ ಕೈ ಎಳೆದು ತಾನೂ ಬಡಿದಳು.

ಅಲ್ಲಿಂದ ನಾಲ್ಕೈದು ತಿಂಗಳು ಆ ಮನೆಯಲ್ಲಿ ಹಿಂದೆಂದೂ ಇರದ ಸುಖವಿತ್ತು. ಸ್ಪೂರ್ತಿ ಪ್ರತಿ ಶನಿವಾರ ಬರುತ್ತಿದ್ದಳು. ರೊಟ್ಟಿ ತಿಂದು, ಖಾರಕ್ಕೆ ಕಣ್ಣೊರೆಸಿಕೊಂಡು ಸನ್ನೆ ಕಲಿಸುತ್ತಿದ್ದಳು. ಕಾಲರ್ ಹೊಲಿದು ಪಳಗಿದ ಬೆರಳುಗಳಿಗೆ ಅದು ಬೇಗ ಹತ್ತಿತು. ನಿನ್ನೆ, ನಾಳೆ, ಯಾಕೆ, ಸಿಟ್ಟು, ಹೆದರಿಕೆ, ಎಲ್ಲಕ್ಕೂ ಸನ್ನೆ ಇತ್ತು. ಒಂದು ದಿನ ನೀಲಾ, ತನಗೆ ಬೆಕ್ಕಿನ ಕನಸು ಬಿದ್ದಿತ್ತೆಂದು ಹೇಳಿದಳು. ಮಗಳಿಗೆ ಕನಸು ಬೀಳುತ್ತದೆಂದು ಮಹಾನಂದಾ ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಆ ಡಿಸೆಂಬರಿನಲ್ಲಿ ಸ್ಪೂರ್ತಿಯ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಮಹಾನಂದಾ ಹನ್ನೊಂದು ದಿನದ ಸಂಗತಿಯನ್ನು ಬಾಯಿಬಿಟ್ಟಳು. ಲಾಡಿ, ಲೋಟ, ಕಾಲ ಹೆಬ್ಬೆರಳು, ಹೊಸ್ತಿಲು, ಎಲ್ಲವನ್ನೂ ಹೇಳಿದಳು. ಟೀಚರ್ ಹೇಳಿದ ಮಾತನ್ನು ಅಕ್ಷರ ಬಿಡದೆ ಹೇಳಿದಳು. ಹೇಳುವಾಗ ಒಂದು ಕಾಳನ್ನು ಉಗುರಿನಿಂದ ಚಿವುಟುತ್ತ ಚೂರು ಮಾಡಿದ್ದಳು.

"ಮನ್ಯಾಗ ಅವರಿಗೂ ಹೇಳಿಲ್ಲರೀ ಅಕ್ಕಾರ. ನಿಮ್ಮ ಮುಂದ ಅಷ್ಟ."

ಸ್ಪೂರ್ತಿಯ ಕಣ್ಣಲ್ಲಿ ನೀರು ಬಂತು. ಅವಳ ಕೈ ಹಿಡಿದುಕೊಂಡು, "ನಿಮ್ಮ ತಪ್ಪಲ್ಲ ಇದು," ಎಂದಳು. ಅದು ನಾಟಕವಾಗಿರಲಿಲ್ಲ. ಅಪಾರ್ಟ್‌ಮೆಂಟಿಗೆ ಹಿಂತಿರುಗಿ ಅವಳು ಅಂದೇ ಕೂತು ಪುಸ್ತಕ ಬರೆದು ಮುಗಿಸಿದಳು.

ಮುಂದಿನ ವಾರ ಬಂದಾಗ ಚಿತ್ರ ಬರೆಯುವವರಿಗೆ ತೋರಿಸಲೆಂದು ರೂಮಿನ ಫೋಟೋ ತೆಗೆದಳು. ನೀಲಿ ಡ್ರಮ್ಮು, ಗೋಡೆಯ ಗೂಡು, ಮಹಾನಂದಾಳ ಮುಂಗೈಯ ಹಚ್ಚೆ. ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಬೇಕೆಂದಳು. ಮಹಾನಂದಾಗೆ ಬರೆಯಲು ಬರುತ್ತಿದ್ದುದು ತನ್ನ ಹೆಸರೊಂದೇ. ಬರೆದುಕೊಟ್ಟಳು. ಮಗಳ ಚಿತ್ರ ಪುಸ್ತಕದಲ್ಲಿ ಬರುತ್ತದೆಂದು ವಠಾರಕ್ಕೆಲ್ಲ ಹೇಳಿಕೊಂಡು ಬಂದಳು.

ಪುಸ್ತಕದ ಹೆಸರು 'ಹಕ್ಕಿಯಾದ ಕೈಗಳು'. ಎರಡು ಸಾವಿರದ ಹನ್ನೆರಡರ ಜುಲೈ ತಿಂಗಳ ಒಂದು ಭಾನುವಾರ ಶಾಲೆಯ ಸಭಾಂಗಣದಲ್ಲಿ ಬಿಡುಗಡೆ. ಯಮನೂರ ತೊಳೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಎರಡನೇ ಸಾಲಿನಲ್ಲಿ ಗಂಡ ಹೆಂಡತಿಯನ್ನು ಕೂರಿಸಿದರು. ವೇದಿಕೆಯ ಮೇಲೆ ಫೌಂಡೇಶನ್ನಿನವರು, ಸ್ಪೂರ್ತಿ, ಮತ್ತು ರೇಷ್ಮೆ ಸೀರೆಯುಟ್ಟ ಅನುಸೂಯಮ್ಮ.

ದೀಪ ಆರಿಸಿ ಪುಟಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ಸ್ಪೂರ್ತಿ ಓದುತ್ತ ಸನ್ನೆಯನ್ನೂ ಮಾಡುತ್ತಿದ್ದಳು. ಚಿನ್ನಿ ಎಂಬ ಹುಡುಗಿ. ಅವಳ ಮನೆ, ನೀಲಿ ಡ್ರಮ್ಮು, ಗೂಡು, ಕೋಳಿ. ಜನ ನಗುತ್ತ ನೋಡುತ್ತಿದ್ದರು. ಒಂಬತ್ತನೇ ಪುಟ ಬಂತು. ಪರದೆಯ ತುಂಬ ಮಹಾನಂದಾ ಇದ್ದಳು. ಅವಳದೇ ಮೂಗುಬಟ್ಟು, ಅವಳದೇ ಹಚ್ಚೆ, ಹುಬ್ಬು ಮಾತ್ರ ರಾಕ್ಷಸಿಯದರಂತೆ ಗಂಟಿಕ್ಕಿತ್ತು. ಮಗುವಿನ ಎರಡೂ ಕೈಗಳನ್ನು ಹಿಂದಕ್ಕೆಳೆದು ಹಗ್ಗ ಬಿಗಿಯುತ್ತಿದ್ದಳು.

ಸ್ಪೂರ್ತಿ ಓದಿದಳು: "ಚಿನ್ನಿಯ ಅಮ್ಮನಿಗೆ ಏನೂ ಗೊತ್ತಿರಲಿಲ್ಲ. ಸನ್ನೆ ಮಾಡಿದರೆ ಜನ ನಗುತ್ತಾರೆಂದು ಅವಳಿಗೆ ನಾಚಿಕೆ. ಅದಕ್ಕೇ ಚಿನ್ನಿಯ ಕೈಗಳನ್ನು ಕಟ್ಟಿಬಿಟ್ಟಳು."

ಮುಂದಿನ ಪುಟದಲ್ಲಿ ಚಿನ್ನಿ ಹೊಸ್ತಿಲು ಎಡವಿ ಬೀಳುತ್ತಿದ್ದಳು, ಗದ್ದದ ಮೇಲೆ ಕೆಂಪು ಹನಿ. ಅದರ ಮುಂದಿನ ಪುಟದಲ್ಲಿ ಸ್ಪೂರ್ತಿಯಂತೆ ಮೋಟು ಕೂದಲಿನ ಒಬ್ಬ ಅಕ್ಕ ಬಂದು ಹಗ್ಗ ಬಿಚ್ಚುತ್ತಿದ್ದಳು. ಕೊನೆಯ ಪುಟದಲ್ಲಿ ಚಿನ್ನಿಯ ಕೈಗಳು ಹಕ್ಕಿಗಳಾಗಿ ಹಾರುತ್ತಿದ್ದವು. ಅಮ್ಮ ಮೂಲೆಯಲ್ಲಿ ನಿಂತು ನಗುತ್ತಿದ್ದಳು. ಇಡೀ ಪುಸ್ತಕದಲ್ಲಿ ಶಾಲೆ ಇರಲಿಲ್ಲ. ಟೀಚರ್ ಇರಲಿಲ್ಲ.

ಅನುಸೂಯಮ್ಮ ಮೈಕ್ ಹಿಡಿದರು. "ಇಂಥ ತಾಯಂದಿರು ನಮ್ಮಲ್ಲಿ ಇನ್ನೂ ಇದಾರೆ. ಅವರನ್ನ ದ್ವೇಷಿಸೋದು ಬೇಡ, ಅವರ ಅಜ್ಞಾನ ಹೋಗಬೇಕು ಅಷ್ಟೇ. ಫೌಂಡೇಶನ್ ಸಹಾಯದಿಂದ ನಮ್ಮ ಶಾಲೇಲಿ ಈ ವರ್ಷದಿಂದ ಸನ್ನೆ ಭಾಷೆ ತರಗತಿ ಶುರು ಮಾಡ್ತಿದೀವಿ." ಕಿವಿ ಕೇಳುವವರು ಚಪ್ಪಾಳೆ ತಟ್ಟಿದರು. ಮಕ್ಕಳು ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಕಿವುಡರ ಆ ಚಪ್ಪಾಳೆಯನ್ನು ಸ್ಪೂರ್ತಿ ಬೆಳಿಗ್ಗೆಯಷ್ಟೇ ಕಲಿಸಿದ್ದಳು.

ನೀಲಾಳನ್ನು ವೇದಿಕೆಗೆ ಕರೆದು ಮೊದಲ ಪ್ರತಿ ಕೊಟ್ಟರು. ಅವಳು ಅಲ್ಲೇ ನಿಂತು ಪುಟ ತಿರುವಿದಳು. ಒಂಬತ್ತನೆಯದಕ್ಕೆ ಬಂದು ನಿಂತಳು. ಗದ್ದ ಮುಟ್ಟಿಕೊಂಡಳು. ಆಮೇಲೆ ತಲೆಯೆತ್ತಿ ಸಾಲುಗಳ ನಡುವೆ ಅವ್ವನನ್ನು ಹುಡುಕಿದಳು.

ಬಸ್ಸಿನಲ್ಲಿ ಯಮನೂರ ಪುಸ್ತಕವನ್ನು ಮಡಿಲಲ್ಲಿ ಹಿಡಿದು ಕೂತಿದ್ದ. ರೂಮಿಗೆ ಬಂದು ಚಾಪೆ ಹಾಸಿಕೊಂಡು ಪುಸ್ತಕ ತೆರೆದ. ನಾಲ್ಕನೇ ಇಯತ್ತೆಯವರೆಗೆ ಓದಿದವನು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದ. ಒಂಬತ್ತನೇ ಪುಟವನ್ನು ಎರಡು ಸಲ ಓದಿದ.

"ಬಚ್ಚಲದಾಗ ಜಾರಿದಳು ಅಂದಿದ್ದಿ."

ಮಹಾನಂದಾ ಗೋಡೆಗೆ ಒರಗಿ ನಿಂತಿದ್ದಳು.

"ಖರೇ ಹೇಳು. ಕಟ್ಟಿದ್ದಿ ಏನು?"

"ಟೀಚರ್ ಹೇಳಿದ್ರು ರೀ. ಕಟ್ಟಿದ್ರ ಮಾತು ಬರತಾವು ಅಂದ್ರು."

"ಟೀಚರ್ ಎಲ್ಲಿದಾಳ ಇದ್ರಾಗ? ತೋರಸು." ಪುಸ್ತಕವನ್ನು ಅವಳ ಮುಂದೆ ಎಸೆದ. "ಎಲ್ಲಾ ಬರದಾರ. ಡ್ರಮ್ಮು ಬರದಾರ, ಕೋಳಿ ಬರದಾರ. ಟೀಚರ್ ಹೇಳಿದ್ದು ಖರೇ ಇದ್ರ ಅದನ್ನೂ ಬರೀತಿರಲಿಲ್ಲೇನು? ನಾಚಿಕಿ ಬಂದು ಕಟ್ಟಿದಳು ಅಂತ ಐತಿ."

"ನಿಮ್ಮಾಣಿ, ನಾಚಿಕಿ ಅಲ್ಲ..."

"ನನಗ ಹೇಳಲಿಲ್ಲ. ಆಕೀಗ ಹೇಳಿದಿ. ಮೂಡಲದಿಂದ ಪಡುವಲತನಕ ಎಲ್ಲಾರಿಗೂ ಗೊತ್ತಾಗಿ, ಕಟ್ಟಿಕೊಂಡ ಗಂಡಗ ಕಡೀಕ ಗೊತ್ತಾತು. ಕೈ ತಾ."

ಅವಳಿಗೆ ಅರ್ಥವಾಗಲಿಲ್ಲ. ಅವನು ಚೀಲದಿಂದ ಕಂಬಿ ಬಿಗಿಯುವ ತಂತಿ ತೆಗೆದ. ದಿನಕ್ಕೆ ಸಾವಿರ ಗಂಟು ಹಾಕುವ ಕೈ ಅದು. ಅವಳ ಎರಡು ಮಣಿಕಟ್ಟು ಹಿಂದಕ್ಕೆ ಸೇರಿಸಿ, ತಂತಿ ಸುತ್ತಿ, ಕೊಕ್ಕೆ ಹಾಕಿ ಎರಡು ಸುತ್ತು ತಿರುಗಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಆಮೇಲೆ ಹೊಸ್ತಿಲ ಮೇಲೆ ಕೂತು ಬೀಡಿ ಹಚ್ಚಿದ.

"ನೀರ ಬೇಕಾದ್ರ ಕೇಳು. ನಿನಗ ಬಾಯಿ ಐತೆಲ್ಲ."

ಮಹಾನಂದಾ ಕೇಳಲಿಲ್ಲ. ಹೊರಗೆ ಮಟಮಟ ಮಧ್ಯಾಹ್ನ. ವಠಾರದ ನಲ್ಲಿಯಲ್ಲಿ ಹೆಂಗಸರು ಕೊಡ ತುಂಬುತ್ತಿದ್ದ ಸದ್ದು ಕೇಳುತ್ತಿತ್ತು. ಕೂಗಿದ್ದರೆ ಯಾರಾದರೂ ಬರುತ್ತಿದ್ದರು. ಅವಳು ಕೂಗಲೂ ಇಲ್ಲ. ನೀಲಾ ಮೂಲೆಯಿಂದ ಎದ್ದು ಬಂದಳು. ನೆಲದ ಮೇಲೆ ಬಿದ್ದ ಪುಸ್ತಕ ಎತ್ತಿ, ಒಂಬತ್ತನೇ ಪುಟ ತೆರೆದು, ಅದನ್ನು ಅವ್ವನ ಪಕ್ಕ ಹಿಡಿದಳು. ಚಿತ್ರ ನೋಡಿದಳು, ಅವ್ವನ ಬೆನ್ನ ಹಿಂದೆ ಬಗ್ಗಿ ಮಣಿಕಟ್ಟು ನೋಡಿದಳು, ಮತ್ತೆ ಚಿತ್ರ ನೋಡಿದಳು. ಅಳಲಿಲ್ಲ, ಹೆದರಲಿಲ್ಲ. ಲೆಕ್ಕ ಸರಿಹೋಯಿತೆಂಬಂತೆ ಒಮ್ಮೆ ತಲೆಯಾಡಿಸಿ ಹೋಗಿ ಕೂತಳು.

ಅರ್ಧ ಗಂಟೆಯ ಮೇಲೆ ಯಮನೂರ ಇಕ್ಕಳದಿಂದ ತಂತಿ ಕತ್ತರಿಸಿದ. ಅನ್ನ ಮುಟ್ಟದೆ ಕೆಲಸದ ಶೆಡ್ಡಿಗೆ ಹೋದ.

ಆ ವರ್ಷ ಶಾಲೆಗೆ ಸನ್ನೆ ಕಲಿಸಲು ಕಿವುಡನೇ ಆದ ಕರಿಬಸಪ್ಪ ಎಂಬ ಮೇಷ್ಟರು ಬಂದರು. ಅನುಸೂಯಮ್ಮನ ಎಂಟು ಮಕ್ಕಳ ಕೈಗಳು ತೊಡೆಯಡಿಯಿಂದ ಹೊರಬಂದವು. ಕಿವುಡರು ಒಬ್ಬರಿಗೊಬ್ಬರು ಸನ್ನೆಯ ಹೆಸರು ಇಡುತ್ತಾರೆ. ಮುಖದಲ್ಲೋ ನಡತೆಯಲ್ಲೋ ಕಣ್ಣಿಗೆ ಹೊಡೆಯುವುದೇನಿದೆಯೋ ಅದೇ ಹೆಸರು. ಅನುಸೂಯಮ್ಮನಿಗೆ ಎದೆಯ ಮೇಲೆ ತೂಗುವ ಕನ್ನಡಕದ ಸರ. ಸ್ಪೂರ್ತಿಗೆ ಕತ್ತಿನ ಹತ್ತಿರ ಕತ್ತರಿಸಿದ ಕೂದಲು. 'ಹಕ್ಕಿಯಾದ ಕೈಗಳು' ತರಗತಿಯ ಪಾಠಪುಸ್ತಕವಾಗಿತ್ತು. ಎಲ್ಲ ಮಕ್ಕಳಿಗೂ ಒಂದೊಂದು ಪ್ರತಿ ಸಿಕ್ಕಿತ್ತು.

ಮಹಾನಂದಾ ಮತ್ತೆ ಗಾರ್ಮೆಂಟ್ಸ್ ಸೇರಿದ್ದಳು. ಒಂದು ಶನಿವಾರ ಅರ್ಧ ದಿನ ರಜೆ ಸಿಕ್ಕಿ ಮಗಳನ್ನು ಕರೆತರಲು ಹೋದಳು. ಗೇಟಿನ ಒಳಗೆ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ಅವಳನ್ನು ನೋಡಿ, ದೂರದಲ್ಲಿದ್ದ ನೀಲಾಳತ್ತ ತಿರುಗಿ, ಎರಡು ಮಣಿಕಟ್ಟುಗಳನ್ನು ಒಂದರ ಮೇಲೊಂದು ಇಟ್ಟು ಬಿಗಿದು ತೋರಿಸಿ, 'ಬಂದಳು' ಎಂದಳು. ನೀಲಾ ಚೀಲ ಎತ್ತಿಕೊಂಡು ಓಡಿಬಂದಳು.

ದಾರಿಯಲ್ಲಿ ಮಹಾನಂದಾ ನಿಂತು, ಅದೇ ಸನ್ನೆ ಮಾಡಿ, ಏನಿದು ಎಂದು ಕೇಳಿದಳು.

'ನಿನ್ನ ಹೆಸರು,' ಎಂದಳು ನೀಲಾ.

'ಮೂಗುಬಟ್ಟು ಅಲ್ಲವಾ?'

'ಮೂಗುಬಟ್ಟು ಎಲ್ಲರ ಅಮ್ಮನಿಗೂ ಇದೆ. ನಮ್ಮ ಕ್ಲಾಸಿನಲ್ಲಿ ಯಾವ ಅಮ್ಮ ಅಂತ ಗೊತ್ತಾಗಲ್ಲ.'

ಹೇಳಿ ಕೈ ಹಿಡಿದುಕೊಂಡು ನಡೆದಳು. ಅವಳಲ್ಲಿ ಸಿಟ್ಟಿರಲಿಲ್ಲ. ಕುಂಟನನ್ನು ಕುಂಟನೆಂದು, ಮೆಳ್ಳಗಣ್ಣಿನವನನ್ನು ಮೆಳ್ಳನೆಂದು ಕರೆಯುವ ಊರಿನವಳೇ ಮಹಾನಂದಾ. ಹೆಸರು ಹೇಗೆ ಅಂಟುತ್ತದೆಂದು ಅವಳಿಗೆ ಗೊತ್ತಿತ್ತು.

ಮರುದಿನ ಅವಳು ಸ್ಪೂರ್ತಿಯ ಅಪಾರ್ಟ್‌ಮೆಂಟಿಗೆ ಹೋದಳು. ಸೆಕ್ಯೂರಿಟಿಯವನು ಕೆಳಗಿನಿಂದ ಫೋನ್ ಮಾಡಿ ಕೇಳಿದ ಮೇಲೆ ಬಿಟ್ಟ. ಸ್ಪೂರ್ತಿ ಸಂತೋಷದಿಂದ ಬಾಗಿಲು ತೆರೆದು ಟೀ ಕೊಟ್ಟಳು. ಪುಸ್ತಕಕ್ಕೆ ಡೆಲ್ಲಿಯಲ್ಲಿ ಬಹುಮಾನ ಬಂದಿದೆಯೆಂದಳು.

"ಅಕ್ಕಾರ, ಟೀಚರ್ ಹೇಳಿದ್ದು ಯಾಕ ಬರೀಲಿಲ್ರೀ?"

ಸ್ಪೂರ್ತಿ ಲೋಟ ಕೆಳಗಿಟ್ಟಳು. "ಬರೆದಿದ್ದೆ, ಮಹಾನಂದಾ. ಮೊದಲು ಬರೆದಿದ್ದೆ. ಫೌಂಡೇಶನ್ ಲಾಯರ್ ಬೇಡ ಅಂದ್ರು. ಶಾಲೆಯೋರು ಕೇಸ್ ಹಾಕ್ತಾರೆ, ಪುಸ್ತಕನೇ ನಿಂತೋಗತ್ತೆ ಅಂದ್ರು. ಪುಸ್ತಕ ಬಂದಿದ್ರಿಂದ ತಾನೇ ಅಲ್ಲಿ ಸನ್ನೆ ಕ್ಲಾಸ್ ಬಂದಿದ್ದು? ಎಂಟು ಮಕ್ಕಳ ಕೈ ಬಿಡಿಸಿದೀವಿ ನಾವು."

"ಅವರ ಸಾಲಿ ಬರದ್ರ ಕೇಸು. ನನ್ನ ಮಾರಿ ಬರದ್ರ ಏನೂ ಇಲ್ಲ?"

"ಅದು ನಿಮ್ಮ ಮುಖ ಅಲ್ಲ. ಒಬ್ಬ ತಾಯಿ ಮುಖ ಅಷ್ಟೇ."

"ಮೂಗುಬಟ್ಟು ನಂದು. ಹಚ್ಚಿ ನಂದು."

ಸ್ಪೂರ್ತಿ ಪುಸ್ತಕ ತಂದು ಕೊನೆಯ ಪುಟ ತೆರೆದಳು. "ಆದ್ರೆ ಕೊನೇ ಪುಟದಲ್ಲಿ ಅಮ್ಮ ಬದಲಾಗ್ತಾಳಲ್ಲ? ನಗ್ತಾ ನಿಂತಿರ್ತಾಳೆ."

"ಹುಡುಗರು ಅಲ್ಲಿ ಅವ್ವನ್ನ ನೋಡಂಗಿಲ್ಲರೀ. ಹಕ್ಕಿ ನೋಡ್ತಾವು."

ಸ್ಪೂರ್ತಿ ಅತ್ತಳು. ಎರಡನೇ ಮುದ್ರಣದಲ್ಲಿ ಮೂಗುಬಟ್ಟು ತೆಗೆಸುತ್ತೇನೆಂದು ಮಾತು ಕೊಟ್ಟಳು, ಕೊಟ್ಟ ಮಾತಿಗೆ ತಪ್ಪಲೂ ಇಲ್ಲ. ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬಂದ ಪುಸ್ತಕದಲ್ಲಿ ಒಂಬತ್ತನೇ ಪುಟದ ಹೆಂಗಸಿಗೆ ಮೂಗುಬಟ್ಟಿರಲಿಲ್ಲ. ಹುಬ್ಬು ಹಾಗೇ ಇತ್ತು. ಆಮೇಲೆ ಶನಿವಾರಗಳು ನಿಂತವು. ಅವಳು ಗಾಲಿಕುರ್ಚಿಯ ಮಗುವಿನ ಬಗ್ಗೆ ಬರೆಯಲು ಪೀಣ್ಯದ ಕಡೆ ಓಡಾಡುತ್ತಿದ್ದಾಳೆಂದು ಯಾರೋ ಹೇಳಿದರು.

ಮಹಾನಂದಾ ಸನ್ನೆ ಕಲಿಯುವುದನ್ನು ಬಿಡಲಿಲ್ಲ. ಭಾನುವಾರಗಳಂದು ಕರಿಬಸಪ್ಪ ತಾಯಂದಿರಿಗೆ ಪಾಠ ಮಾಡುತ್ತಿದ್ದರು. ಬಹಳ ಮಂದಿ ಬಂದು ಬಿಟ್ಟರು, ಅವಳೊಬ್ಬಳು ಐದು ವರ್ಷ ಹೋದಳು. ಹೆಬ್ಬಗೋಡಿಯ ಕಿವುಡ ಕೂಲಿಗಳು ಆಸ್ಪತ್ರೆಗೆ, ಬ್ಯಾಂಕಿಗೆ ಹೋಗುವಾಗ ಅವಳನ್ನು ಕರೆದುಕೊಂಡು ಹೋಗುವಷ್ಟು ಬಂತು. ಅವರೂ ಅವಳನ್ನು ಮಣಿಕಟ್ಟು ಬಿಗಿದೇ ಕರೆಯುತ್ತಿದ್ದರು. ಯಾಕೆಂದು ಬಹಳ ಮಂದಿಗೆ ಗೊತ್ತಿರಲಿಲ್ಲ. ಗಾರ್ಮೆಂಟ್ಸಿನಲ್ಲಿ ಕೆಲಸವಲ್ಲವೇ, ಗಂಟು ಕಟ್ಟುವವಳು ಇರಬೇಕೆಂದುಕೊಂಡಿದ್ದರು. ಯಮನೂರ ಭಾನುವಾರಗಳಂದು ಮೊದಲಿನಂತೆ ಬರುತ್ತಿದ್ದ. ತಂತಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಎರಡು ಸಾವಿರದ ಹದಿನೇಳರಲ್ಲಿ ನೀಲಾಗೆ ಮೈಸೂರಿನ ಒಂದು ವಸತಿ ಶಾಲೆಯಲ್ಲಿ ಹೈಸ್ಕೂಲಿಗೆ ಸೀಟು ಸಿಕ್ಕಿತು. ಹೊರಡುವ ವಾರ ಮಹಾನಂದಾ ಅವಳನ್ನು ಎದುರು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಈಗ ಅವಳಿಗೆ ಹೇಳಲು ಬರುತ್ತಿತ್ತು. ಅನುಸೂಯಮ್ಮನ ಮಾತು, ಎಲ್ಲ ತಾಯಂದಿರ ಎದುರು ನಿಲ್ಲಿಸಿದ್ದು, ತನಗೆ ಓದು ಬಾರದ್ದು, ಮಗಳು ಒಂದು ದಿನ ಬಾಯಿಬಿಟ್ಟು ಮಾತಾಡಿಯಾಳೆಂಬ ಆಸೆ. ನಾಚಿಕೆ ಅಲ್ಲ, ಅದು ಸುಳ್ಳು, ಎಂದು ಮೂರು ಸಲ ಹೇಳಿದಳು. ಕೇಸಿಗೆ ಹೆದರಿ ಟೀಚರನ್ನು ಬಿಟ್ಟು ಬರೆದರೆಂದೂ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ಅನ್ನ ತಳಹಿಡಿದು ವಾಸನೆ ಬಂದಿತ್ತು.

ನೀಲಾ ಕೊನೆಯವರೆಗೂ ಕಣ್ಣು ಕದಲಿಸದೆ ನೋಡಿದಳು. ಹದಿಮೂರು ವರ್ಷದ ಹುಡುಗಿ, ಕೈ ಬಳಸುವುದರಲ್ಲಿ ಶಾಲೆಗೇ ಮೊದಲಿಗಳು. ಸ್ವಲ್ಪ ಯೋಚಿಸಿ ನಿಧಾನವಾಗಿ ಹೇಳಿದಳು.

'ಟೀಚರ್ ಹೇಳಿದರು. ಅದನ್ನು ನಾನು ನಂಬುತ್ತೇನೆ. ಟೀಚರ್ ಎಂಟು ಅಮ್ಮಂದಿರ ಎದುರು ಹೇಳಿದರು. ಏಳು ಅಮ್ಮಂದಿರು ಕಟ್ಟಲಿಲ್ಲ.'

ನೀಲಾ ಎದ್ದು ಒಲೆ ಆರಿಸಿದಳು.

ಯಮನೂರನೇ ಮಗಳನ್ನು ಮೈಸೂರಿಗೆ ಬಿಟ್ಟುಬಂದ. ಆ ಹೊತ್ತಿಗೆ ಅವನು ಕ್ಯಾಮೆರಾ ಇರುವ ಫೋನು ಕೊಂಡಿದ್ದ. ಭಾನುವಾರ ಬೆಳಿಗ್ಗೆ ನೀಲಾ ಹಾಸ್ಟೆಲಿನ ವಾರ್ಡನ್ನಿನ ಫೋನಿನಿಂದ ವಿಡಿಯೋ ಕರೆ ಮಾಡುತ್ತಿದ್ದಳು. ಕರೆ ಬರುತ್ತಿದ್ದುದು ಅಪ್ಪನಿಗೆ. ಆದರೆ ಅಪ್ಪನ ಸನ್ನೆ ಮೀಸೆ, ರೊಟ್ಟಿ, ಕೋಳಿಯಾಚೆ ಹೆಚ್ಚು ಹೋಗಿರಲಿಲ್ಲ. ಮಗಳ ಬೆರಳು ಓಡತೊಡಗಿದರೆ ಅವನು ಫೋನನ್ನು ಗೂಡಿಗೆ ಆನಿಸಿಟ್ಟು, "ಬಾ ಇಲ್ಲಿ, ಏನಂತಾಳ ನೋಡು," ಎಂದು ಹೆಂಡತಿಯನ್ನು ಕರೆಯುತ್ತಿದ್ದ. ಮಹಾನಂದಾ ಅವನ ಪಕ್ಕ ನಿಂತು ಮಗಳ ಮಾತನ್ನು ಬಾಯಲ್ಲಿ ಹೇಳುತ್ತಿದ್ದಳು, ಅವನ ಮಾತನ್ನು ಕೈಯಲ್ಲಿ ಹೇಳುತ್ತಿದ್ದಳು.

ಸೆಪ್ಟೆಂಬರಿನ ಒಂದು ಭಾನುವಾರ ನೀಲಾ ಬಹಳ ಹುರುಪಿನಲ್ಲಿದ್ದಳು.

"ಏನಂತ?" ಎಂದ ಯಮನೂರ.

"ಮುಂದಿನ ತಿಂಗಳ ಹಾಸ್ಟೆಲ್ಲಿನಾಗ ಕಾರ್ಯಕ್ರಮ ಐತಂತ. ಈಕಿ ನಾಟಕದಾಗ ಅದಾಳಂತ. ಎಲ್ಲಾರ ಮನೀ ಮಂದಿ ಬರ್ತಾರಂತ."

"ಹೋಗೂಣು ಅನ್ನು."

ಮಹಾನಂದಾ ಹೇಳಿದಳು. ಪರದೆಯ ಮೇಲೆ ನೀಲಾಳ ಕೈಗಳು ಒಂದು ಗಳಿಗೆ ನಿಂತವು. ಆಮೇಲೆ ಅವಳು ಅಪ್ಪನ ಮುಖವನ್ನೇ ನೋಡುತ್ತ, ಅವನಿಗೇ ಹೇಳುವಂತೆ ಸನ್ನೆ ಮಾಡಿದಳು. ಇಲ್ಲಿಯ ಲೈಬ್ರರಿಯಲ್ಲೂ ಆ ಪುಸ್ತಕ ಇದೆ. ಎಲ್ಲರೂ ಓದಿದ್ದಾರೆ. ನಾನು ಯಾರಿಗೂ ಹೇಳಿಲ್ಲ. ಅಪ್ಪ, ನೀನೊಬ್ಬನೇ ಬಾ.

"ಏನಂತಾಳ?" ಎಂದ ಯಮನೂರ.

ಮಹಾನಂದಾ ಒಂದು ಮಾತನ್ನೂ ಬದಲಿಸಲಿಲ್ಲ.

"ಅಲ್ಲಿ ಲೈಬ್ರರಿಯಾಗೂ ಆ ಪುಸ್ತಕ ಐತಂತ, ಎಲ್ಲಾರೂ ಓದ್ಯಾರಂತ, ಈಕಿ ಯಾರಿಗೂ ಹೇಳಿಲ್ಲಂತ. ನೀವೊಬ್ಬರ ಬರಬೇಕಂತ. ನಾ ಬರೂದು ಬ್ಯಾಡಂತ."

ಯಮನೂರ ಅವಳತ್ತ ನೋಡಲಿಲ್ಲ. ಪರದೆಯಲ್ಲಿ ನೀಲಾ ಮತ್ತೇನೋ ಹೇಳುತ್ತಿದ್ದಳು.

"ಮತ್ತ?"

"ಬರೂವಾಗ ಬಟ್ಟಿ ತೊಳಿಯೂ ಸಾಬೂನು ಎರಡು ತಗೊಂಡು ಬರ್ರಿ ಅಂತಾಳ," ಎಂದಳು ಮಹಾನಂದಾ. "ಅಲ್ಲಿ ಸಾಬೂನಿಗೆ ನೊರಿ ಬರಂಗಿಲ್ಲಂತ."